ಕೂದಲೆಳೆಯಷ್ಟು ಸಾಕ್ಷಿ

'ಕೂದಲೆಳೆ ಅಂತರದಲ್ಲಿ ಪಾರು!' ಟಿವಿಯಲ್ಲಿ ಈ ಹೆಡ್‌ಲೈನ್ ವಾರಕ್ಕೆ ಎಷ್ಟು ಸಲ ಬರುತ್ತೋ ಲೆಕ್ಕ ಇಟ್ಟವರಿಲ್ಲ. ಹಾಗಾದ್ರೆ ಒಂದು ಕೂದಲೆಳೆ ಎಷ್ಟು ದಪ್ಪ ಇರುತ್ತೆ? ಒಂದು ಮಿಲಿಮೀಟರನ್ನು ಹತ್ತು ಭಾಗ ಮಾಡಿ. ಅದರಲ್ಲಿ ಒಂದು ಭಾಗ, ಅನೇಕರಿಗೆ ಅದಕ್ಕಿಂತಲೂ ಕಡಿಮೆ. ಅಷ್ಟರ ಮೇಲೆ ಒಬ್ಬ ಮನುಷ್ಯ ಜೈಲಿಗೆ ಹೋಗಬಹುದು. ಅಷ್ಟರ ಮೇಲೆಯೇ ಹೊರಗೂ ಬರಬಹುದು. ಇವತ್ತಿನ ಮಾತು ಅದರ ಬಗ್ಗೆ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಎಡ್ಮಂಡ್ ಲೊಕಾರ್ಡ್ ಎಂಬಾತ ಪೊಲೀಸರಿಗಾಗಿ ಒಂದು ಪುಟ್ಟ ಪ್ರಯೋಗಾಲಯ ಶುರುಮಾಡಿದ. ಆತ ಹೇಳಿದ್ದು ಸರಳ ವಿಚಾರ. ಎರಡು ವಸ್ತು ಒಂದಕ್ಕೊಂದು ತಾಗಿದರೆ ಇದರದು ಸ್ವಲ್ಪ ಅದಕ್ಕೆ ಅಂಟುತ್ತೆ, ಅದರದು ಸ್ವಲ್ಪ ಇದಕ್ಕೆ. ಕಳ್ಳ ಮನೆಯಿಂದ ಬಂಗಾರ ಒಯ್ಯುತ್ತಾನೆ, ಜತೆಗೆ ಮನೆಯ ಚಾದರದ ನಾಲ್ಕು ನೂಲನ್ನೂ ಒಯ್ಯುತ್ತಾನೆ. ಬಿಟ್ಟುಹೋಗುವುದು ತನ್ನ ತಲೆಯ ಒಂದು ಕೂದಲು. ನಮ್ಮ ನಿಮ್ಮ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ತಾವಾಗಿಯೇ ಉದುರುತ್ತವೆ. ಬೆರಳಚ್ಚು ಬೀಳದಂತೆ ಕೈಗವಸು ಹಾಕಿಕೊಳ್ಳಬಹುದು. ಉದುರುವ ಕೂದಲನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?

ಇದು ಅರ್ಥವಾಗಲು ನಮ್ಮ ಗದಗದ ಪಕ್ಕದ ಬಿಂಕದಕಟ್ಟಿಗೆ ಬನ್ನಿ. ರಜೆ ಬಂತಂದ್ರೆ ಸುತ್ತಲಿನ ಊರಿನವರು ಮಕ್ಕಳನ್ನು ಕರೆದುಕೊಂಡು ಮೃಗಾಲಯ ನೋಡೋಕೆ ಹೋಗುವ ಊರು ಅದು. ಜಿಂಕೆ ಮೈ ಉಜ್ಜಿದ ತಂತಿಬೇಲಿಯ ಮೇಲೆ ಒಂದು ಕೂದಲು ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಮೂರು ಪದರ ಕಾಣುತ್ತೆ. ಹೊರಗಿನದು ಕ್ಯೂಟಿಕಲ್, ಮನೆಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆ. ನಡುವಿನದು ಕಾರ್ಟೆಕ್ಸ್, ಬಣ್ಣ ಇರುವುದು ಅಲ್ಲಿ. ಒಳಗಿನದು ಮೆಡುಲ್ಲಾ. ಜೋಳದ ದಂಟು ಮುರಿದು ನೋಡಿದ್ದೀರಲ್ಲ, ಒಳಗೆ ಬೆಂಡು ಇರುತ್ತಲ್ಲ, ಹಾಗೆ.

ಗುಟ್ಟು ಇರುವುದು ಈ ಬೆಂಡಿನಲ್ಲೇ. ಮನುಷ್ಯನ ಕೂದಲಿನಲ್ಲಿ ಅದು ಒಟ್ಟು ದಪ್ಪದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಎಷ್ಟೋ ಸಲ ತುಂಡು ತುಂಡಾಗಿರುತ್ತೆ, ಇಲ್ಲದೆಯೂ ಇರುತ್ತೆ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು. ಜಿಂಕೆಯ ಕೂದಲಂತೂ ಬಹುತೇಕ ಬೆಂಡೇ. ಬಗ್ಗಿಸಿದರೆ ಮಡಿಕೆ ಬೀಳುತ್ತೆ. ಬೆಕ್ಕಿನ ಕೂದಲ ಹುರುಪೆ ಹೂವಿನ ಎಸಳಿನ ಹಾಗೆ ಚೂಪು. ಹೀಗಾಗಿ ಗೋಣಿಚೀಲದಲ್ಲಿ ಸಿಕ್ಕಿದ್ದು ಆಡಿನ ಕೂದಲೋ ಜಿಂಕೆಯದೋ ಅಂತ ತಜ್ಞರು ಹೇಳಬಲ್ಲರು. 'ಸಾರ್, ಇದು ಮಟನ್' ಅನ್ನುವವನ ಮಾತು ನಿಲ್ಲುವುದು ಅಲ್ಲಿ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಮುಂಗುಸಿ ಕೂದಲಿನ ಪೇಂಟಿಂಗ್ ಬ್ರಷ್ ಮಾರುವವರ ಮೇಲೆ ಹಲವು ರಾಜ್ಯಗಳಲ್ಲಿ ದಾಳಿ ಮಾಡಿತು. ಬ್ರಷ್ಷಿನಲ್ಲಿ ಇರುವುದು ಮುಂಗುಸಿ ಕೂದಲು ಅಂತ ತೋರಿಸದೆ ಅಂಥ ಕೇಸು ಕೋರ್ಟಿನಲ್ಲಿ ನಿಲ್ಲೋದಿಲ್ಲ.

ಇದು ಬರೀ ಕೋರ್ಟು ಕಚೇರಿ ವಿಷಯವೂ ಅಲ್ಲ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಅಂಚಿನಲ್ಲಿ ಒಬ್ಬ ಕುರಿಗಾರನ ಕುರಿ ಸತ್ತುಬಿದ್ದಿದೆ ಅನ್ನಿ. ಕೊಂದದ್ದು ಚಿರತೆಯೋ, ತೋಳವೋ, ಬೀದಿನಾಯಿಯೋ? ಕಾಡುಪ್ರಾಣಿ ಅಂತಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ನಾಯಿ ಅಂತಾದರೆ ಆ ಬಾಗಿಲು ಮುಚ್ಚಿತು. ಮುಳ್ಳಿಗೆ ಸಿಕ್ಕ ಕೂದಲು ಚಿರತೆಯದೋ ನಾಯಿಯದೋ ಅಂತ ಮೈಕ್ರೋಸ್ಕೋಪು ಹೇಳುತ್ತೆ. ಆದರೆ ತೋಳವೋ ನಾಯಿಯೋ? ಅವೆರಡೂ ಒಂದೇ ಕುಲದವು, ಕೂದಲೂ ಹೆಚ್ಚೂಕಡಿಮೆ ಒಂದೇ ಥರ. ಅಲ್ಲಿ ಮೈಕ್ರೋಸ್ಕೋಪು ಸುಮ್ಮನಾಗುತ್ತೆ, ಡಿಎನ್‌ಎ ಪರೀಕ್ಷೆಯೇ ಬೇಕು.

ಈಗ ಅಸಲಿ ಪ್ರಶ್ನೆಗೆ ಬರೋಣ. ಸಿಕ್ಕಿದ್ದು ಮನುಷ್ಯನ ಕೂದಲು. ಯಾವ ಮನುಷ್ಯನದು? ಬಣ್ಣ, ದಪ್ಪ, ಕತ್ತರಿಸಿದ ತುದಿ, ಡೈ ಹಚ್ಚಿದ ಗುರುತು ಎಲ್ಲಾ ಹೋಲಿಸಿ ನೋಡಬಹುದು. ಆದರೆ ಒಬ್ಬನ ತಲೆಯಲ್ಲೇ ನೆತ್ತಿಯದೊಂದು ಥರ, ಕಿವಿ ಪಕ್ಕದ್ದೊಂದು ಥರ. ಆದ್ದರಿಂದ ಮೈಕ್ರೋಸ್ಕೋಪು ನೋಡಿದವರು 'ಇದು ಅವನದಲ್ಲ' ಅಂತ ಗಟ್ಟಿಯಾಗಿ ಹೇಳಬಹುದು. 'ಇದು ಅವನದೇ' ಅಂತ ಹೇಳಲಾಗದು. 'ಅವನದನ್ನು ಹೋಲುತ್ತದೆ', ಅಷ್ಟೇ. ಹೋಲುವುದಕ್ಕೂ ಆಗಿರುವುದಕ್ಕೂ ಇರುವ ಅಂತರ ಮರೆತರೆ ಏನಾಗುತ್ತೆ? ಅಮೆರಿಕದ ಕಥೆ ಕೇಳಿ.

1978ರಲ್ಲಿ ವಾಷಿಂಗ್ಟನ್‌ನಲ್ಲಿ ಒಬ್ಬ ಟ್ಯಾಕ್ಸಿ ಚಾಲಕನ ಕೊಲೆಯಾಯಿತು. ಕೊಲೆಗಾರ ಮುಖಕ್ಕೆ ಹಾಕಿಕೊಂಡಿದ್ದ ಕಾಲುಚೀಲದ ಮುಸುಕಿನಲ್ಲಿ 13 ಕೂದಲು ಸಿಕ್ಕವು. ಅದರಲ್ಲೊಂದು ಸಾಂಟೇ ಟ್ರಿಬಲ್ ಎಂಬ 17ರ ಹುಡುಗನ ಕೂದಲಿಗೆ ಹೊಂದುತ್ತದೆ ಅಂತ ಎಫ್‌ಬಿಐ ತಜ್ಞ ಸಾಕ್ಷಿ ಹೇಳಿದ. ಅದು ಬೇರೆಯವರದಾಗಿರುವ ಸಾಧ್ಯತೆ ಒಂದು ಕೋಟಿಯಲ್ಲಿ ಒಂದು ಅಂತ ಸರ್ಕಾರಿ ವಕೀಲರು ಜ್ಯೂರಿಗೆ ಹೇಳಿದರು. ಹುಡುಗನಿಗೆ ಶಿಕ್ಷೆಯಾಯಿತು. ಅವನು ಜೈಲಿನಲ್ಲಿ ಕಳೆದದ್ದು ಒಟ್ಟು 28 ವರ್ಷ. 2012ರಲ್ಲಿ ಆ ಕೂದಲುಗಳ ಡಿಎನ್‌ಎ ಪರೀಕ್ಷೆ ಆಯಿತು. ಒಂದೂ ಅವನದಲ್ಲ. ಅಷ್ಟೇ ಅಲ್ಲ, ಅದರಲ್ಲೊಂದು ನಾಯಿಯ ಕೂದಲು!

ಆಮೇಲೆ ಹಳೆಯ ಕಡತಗಳನ್ನು ತೆಗೆದು ನೋಡಲಾಯಿತು. ಎಫ್‌ಬಿಐ 2015ರಲ್ಲಿ ತಾನೇ ಪ್ರಕಟಿಸಿದ ಲೆಕ್ಕ ಇದು. ಕೂದಲ ಸಾಕ್ಷ್ಯವನ್ನು ಆರೋಪಿಯ ವಿರುದ್ಧ ಬಳಸಿದ 268 ವಿಚಾರಣೆಗಳಲ್ಲಿ 257ರಲ್ಲಿ ತಜ್ಞರ ಹೇಳಿಕೆ ತಪ್ಪಿನಿಂದ ಕೂಡಿತ್ತು. ಅವರೆಲ್ಲ ನಿರಪರಾಧಿಗಳು ಅಂತ ಇದರ ಅರ್ಥ ಅಲ್ಲ. ಕೂದಲಿಗೆ ಇಲ್ಲದ ಶಕ್ತಿಯನ್ನು ಅದಕ್ಕೆ ಕಟ್ಟಲಾಗಿತ್ತು ಅಂತ ಅರ್ಥ.

ಡಿಎನ್‌ಎ ಬಂತಲ್ಲ, ಇನ್ನೇನು ಚಿಂತೆ ಅಂತೀರಾ? ಅಲ್ಲೂ ಒಂದು ಮಾತಿದೆ. ಜಗ್ಗಾಟದಲ್ಲಿ ಕಿತ್ತುಬಂದ ಕೂದಲಿನ ಬುಡದಲ್ಲಿ ಚರ್ಮದ ಕೋಶ ಅಂಟಿಕೊಂಡಿರುತ್ತೆ. ಅದರಿಂದ ವ್ಯಕ್ತಿಯನ್ನೇ ಗುರುತಿಸುವ ಡಿಎನ್‌ಎ ಸಿಗುತ್ತೆ. ತಾನಾಗಿ ಉದುರಿದ ಕೂದಲಿನಲ್ಲಿ ಅದು ಸಿಗುವುದು ಕಷ್ಟ. ಎಳೆಯಿಂದ ಸಾಮಾನ್ಯವಾಗಿ ತೆಗೆಯುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಬಂದದ್ದು. ಅಣ್ಣ, ತಮ್ಮ, ತಂಗಿ, ಅವ್ವ, ಸೋದರಮಾವ ಎಲ್ಲರಿಗೂ ಒಂದೇ. ಅಂದ್ರೆ ಅದು ಮನೆತನದ ಬಾಗಿಲವರೆಗೆ ಕರೆದೊಯ್ಯುತ್ತೆ, ಒಳಗೆ ಯಾರು ಅಂತ ಹೇಳೋದಿಲ್ಲ.

ಇನ್ನು ನೂಲಿನ ಕಥೆ. ಬೆಟಗೇರಿಯ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೈಕ್ರೋಸ್ಕೋಪಿನಲ್ಲಿ ಹತ್ತಿಯ ಎಳೆ ತಿರುಚಿದ ಪಟ್ಟಿಯ ಹಾಗೆ ಕಾಣುತ್ತೆ. ರೇಷ್ಮೆಯನ್ನು ಅಡ್ಡಕ್ಕೆ ಕೊಯ್ದರೆ ಮುಕ್ಕೋನ. ಕಂಬಳಿಯ ಉಣ್ಣೆಗೆ ಹುರುಪೆ, ಯಾಕಂದ್ರೆ ಅದೂ ಕೂದಲೇ. ಪಾಲಿಯೆಸ್ಟರ್, ನೈಲಾನ್ ಯಂತ್ರದಿಂದ ಬಂದವು, ಅವುಗಳ ಅಡ್ಡಕೊಯ್ತದ ಆಕಾರವೇ ಗುರುತು. ಆಮೇಲೆ ಬಣ್ಣ. ಕಣ್ಣಿಗೆ ಒಂದೇ ಕೆಂಪು ಕಂಡರೂ ಬೆಳಕನ್ನು ಅಳೆಯುವ ಯಂತ್ರಕ್ಕೆ ಎರಡು ಬೇರೆ ಬೇರೆ ಕೆಂಪಾಗಿರಬಹುದು.

ಬಿಳಿ ಹತ್ತಿ, ನೀಲಿ ಜೀನ್ಸ್ ನೂಲು ಸಿಕ್ಕರೆ ಅದಕ್ಕೆ ಬೆಲೆ ಕಡಿಮೆ, ಎಲ್ಲರ ಮೈಮೇಲೂ ಅದೇ ಇದೆ. ಅಪರೂಪದ್ದು ಸಿಕ್ಕರೆ ಬೆಲೆ. ಅಮೆರಿಕದ ಅಟ್ಲಾಂಟಾದಲ್ಲಿ 1982ರಲ್ಲಿ ವೇಯ್ನ್ ವಿಲಿಯಮ್ಸ್‌ಗೆ ಶಿಕ್ಷೆಯಾದ ಪ್ರಕರಣದಲ್ಲಿ ದೊಡ್ಡ ಸಾಕ್ಷಿಯಾದದ್ದು ವಿಚಿತ್ರ ಆಕಾರದ ಹಸಿರು ಕಾರ್ಪೆಟ್ ನೂಲು. ಆ ಸುತ್ತಿನ 7,792 ಮನೆಗಳಲ್ಲಿ ಒಂದರಲ್ಲಿ ಅಂಥ ಕಾರ್ಪೆಟ್ ಇರಬಹುದು ಅಂತ ಲೆಕ್ಕ ಹಾಕಲಾಯಿತು. ಅದರ ಜತೆ ಬೇರೆ ಹಲವು ನೂಲು, ನಾಯಿಯ ಕೂದಲೂ ಸೇರಿದ್ದರಿಂದ ಸಾಕ್ಷ್ಯಕ್ಕೆ ತೂಕ ಬಂತು.

ಈಗ ನಮ್ಮ ಊರಿನ ಮಾತು. ಘಟನೆ ನಡೆದ ಮನೆಗೆ ಓಣಿಯೆಲ್ಲ ನುಗ್ಗುತ್ತೆ. ಯಾರೋ ಕಸ ಗುಡಿಸುತ್ತಾರೆ. ಯಾರೋ ಕನಿಕರದಿಂದ ತಮ್ಮ ಮನೆಯ ಕೌದಿ ತಂದು ಹೆಣಕ್ಕೆ ಹೊದಿಸುತ್ತಾರೆ. ಅದು ಮಾನವೀಯತೆ, ಬೈಯುವ ಹಾಗಿಲ್ಲ. ಆದರೆ ಕೌದಿ ಅಂದ್ರೇನು? ಹತ್ತು ಹಳೆ ಸೀರೆಯ ತುಂಡು, ಅದರಲ್ಲಿ ಮಲಗಿದವರೆಲ್ಲರ ಕೂದಲು. ಬೇಕಿದ್ದ ಒಂದು ಎಳೆ ಆ ನೂರಾರು ಎಳೆಗಳಲ್ಲಿ ಕಳೆದುಹೋಯಿತು. ಬಟ್ಟೆಗೆ ಅಂಟಿದ ನೂಲು ಓಡಾಡುವಾಗ ಮೊದಲ ಕೆಲವೇ ಗಂಟೆಗಳಲ್ಲಿ ಬಹುಪಾಲು ಉದುರಿಹೋಗುತ್ತೆ ಅನ್ನುವುದೂ ನೆನಪಿರಲಿ. ಹಾಗಾಗಿ ಬಾಗಿಲು ಎಳೆದು, ಹೊರಗೆ ನಿಂತು, ಪೊಲೀಸರಿಗೆ ಕಾಯಿರಿ. ಹಾಕಿದ್ದ ಬಟ್ಟೆ ಒಗೆಯಬೇಡಿ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿಯುತ್ತೆ, ಕಾಗದವೇ ಲೇಸು. ಪ್ರಯೋಗಾಲಯದವರೂ ಕೂದಲನ್ನು ಕಾಗದದಲ್ಲೇ ಮಡಿಸುತ್ತಾರೆ, ಕಿರಾಣಿ ಅಂಗಡಿಯವ ಜೀರಿಗೆ ಪೊಟ್ಟಣ ಕಟ್ಟಿದ ಹಾಗೆ.

ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು ಐದು ವರ್ಷದ ಗಡುವಿದೆ. ತಜ್ಞರು ಬರುವ ಹೊತ್ತಿಗೆ ಅಂಗಳ ಗುಡಿಸಿ ಸಾರಿಸಿ ಆಗಿದ್ದರೆ ಕಾನೂನು ಏನು ಮಾಡೀತು?

ಹಾಗಾಗಿ ಮುಂದಿನ ಸಲ ಟಿವಿ ಪರದೆ ಮೇಲೆ 'ಕೂದಲು ಪತ್ತೆ, ಆರೋಪಿಯ ಗುಟ್ಟು ರಟ್ಟು' ಅಂತ ಕೆಂಪಕ್ಷರ ಓಡಿದಾಗ ಮೂರು ಪ್ರಶ್ನೆ ಕೇಳಿ. ಕೂದಲಿಗೆ ಬುಡ ಇತ್ತಾ? ಆಗಿದ್ದು ಬರೀ ಮೈಕ್ರೋಸ್ಕೋಪು ಪರೀಕ್ಷೆಯಾ, ಡಿಎನ್‌ಎ ಕೂಡ ಆಗಿದೆಯಾ? ಕೊನೆಯದು, ಆ ಕೂದಲು ಅಲ್ಲಿಗೆ ಬರಲು ಬೇರೆ ದಾರಿ ಇತ್ತಾ? ಆರೋಪಿ ಅದೇ ಮನೆಯ ಅಳಿಯನಾಗಿದ್ದರೆ, ಹಬ್ಬಕ್ಕೆ ಬಂದು ಅದೇ ಹಾಸಿಗೆಯಲ್ಲಿ ಮಲಗೆದ್ದು ಹೋಗಿದ್ದರೆ, ಅವನ ಕೂದಲು ಅಲ್ಲಿರುವುದು ಅಪರಾಧವಲ್ಲ. ಅದು ಬೀಗತನ.