ತುಂಡು ಉಲನ್ನಿನಿಂದ ಪಟ್ಟೆ ಕುಲಾವಿ



ಹುಬ್ಬತಲೈ, ಕೂನೂರು ಕಡೆಯ ಡಿಸೆಂಬರ್-ಜನವರಿ ಚಳಿಯನ್ನು ನಾನು ವರ್ಣಿಸಬೇಕಾಗಿಲ್ಲ. ಬಡಗ ನುಡಿಯಲ್ಲೂ ಕಾಸರಗೋಡಿನ ಕನ್ನಡದಲ್ಲೂ ತಲೆಗೆ ‘ಮಂಡೆ’ ಎನ್ನುತ್ತಾರೆ. ಹಸುಗೂಸಿನ ಮಂಡೆ ಬೆಚ್ಚಗಿರಬೇಕೆಂಬುದು ಎರಡೂ ಕಡೆಯ ಅಜ್ಜಿಯರ ಮಾತು.

ಅದಕ್ಕೆ ಕಾರಣವಿದೆ. ಆಗತಾನೆ ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ. ಮುಚ್ಚದ ತಲೆಯಿಂದ ಮೈಯ ಬಿಸಿ ಬೇಗ ಹೋಗುತ್ತದೆ. 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಕೂಸುಗಳಿಗಂತೂ ಇದು ಪ್ರಾಣದ ಪ್ರಶ್ನೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಆರಂಭವಾದ ‘ಕಾಂಗರೂ ಆರೈಕೆ’ಯಲ್ಲಿ ಮಗುವನ್ನು ತಾಯಿಯ ಎದೆಗೆ ಅಪ್ಪಿಸಿಡುತ್ತಾರೆ, ಆಗಲೂ ಮಗುವಿನ ತಲೆಗೆ ಟೋಪಿ ಇರುತ್ತದೆ.

ನಮ್ಮ ಮೊಮ್ಮಗಳು ಹುಟ್ಟಿದಾಗ ಅಂಗಡಿಯಿಂದ ತಂದ ಟೋಪಿ ಕಣ್ಣಿನ ಮೇಲೆ ಜಾರುತ್ತಿತ್ತು. ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ನಮ್ಮ ಮನೆಯವರಿಗೆ ಈಗ ಬೆರಳ ಗಂಟು ನೋವು. ಎರಡು ಕಡ್ಡಿ ಹಿಡಿಯಲಾಗದು. ಉಳಿದಿದ್ದದ್ದು ಒಂದು ಚೀಲ ತುಂಡು ಉಲನ್. ಆಗ ನೆರವಿಗೆ ಬಂದದ್ದು ದುಂಡು ಲೂಮ್. ಇದು ಸುತ್ತಲೂ ಗೂಟಗಳಿರುವ ಪ್ಲಾಸ್ಟಿಕ್ ಬಳೆ. ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೆಣೆಯಬಹುದು. ಕೈನೋವಿನಿಂದ ಕಡ್ಡಿ ಬಿಟ್ಟವರೂ, ನನ್ನಂತೆ ಕಡ್ಡಿಯನ್ನೇ ಹಿಡಿಯದ ಗುಮಾಸ್ತರೂ ಕಲಿಯಬಹುದು.

ಬೇಕಾದದ್ದು: 24 ಗೂಟಗಳ ಲೂಮ್, ಅದರ ಜೊತೆಗೇ ಬರುವ ಕೊಂಡಿ, ದೊಡ್ಡ ಕಣ್ಣಿನ ಮೊಂಡು ಸೂಜಿ, ಅಳತೆ ಟೇಪು. ಸೂಜಿಗೆ ದೂರ ಹೋಗಬೇಕಿಲ್ಲ. ನಮ್ಮ ಕೇತಿಯ ನೀಡಲ್ ಇಂಡಸ್ಟ್ರೀಸ್ 1949ರಿಂದ ಇದೆ. ಅದರ ‘ಪೋನಿ’ ಸೂಜಿ, ಕಡ್ಡಿಗಳನ್ನು ಎಲ್ಲರೂ ಬಲ್ಲರು.

ಮೊದಲು ಲೆಕ್ಕ: ನನ್ನ ಮೊದಲ ಕುಲಾವಿಯಲ್ಲಿ ಕೆಂಪು ದಾರ ಸುತ್ತಿನ ನಡುವೆಯೇ ಮುಗಿದು, ಎಲ್ಲ ಬಿಚ್ಚಬೇಕಾಯಿತು. ಅಂದಿನಿಂದ ಹೀಗೆ ಮಾಡುತ್ತೇನೆ. ತುಂಡನ್ನು ಲೂಮಿನ ಗೂಟಗಳಿಗೆ ಒಂದು ಸುತ್ತು ಸುತ್ತಿ, ಬಿಚ್ಚಿ, ಅಳೆಯುತ್ತೇನೆ. ಅದು ಒಂದು ಸುತ್ತಿನ ಖರ್ಚು. ನಾಲ್ಕು ಸುತ್ತಿನ ಪಟ್ಟೆಗೆ ಅದರ ನಾಲ್ಕರಷ್ಟು, ಜೊತೆಗೆ ಎರಡು ತುದಿಗಳಿಗೆ ಒಂದೊಂದು ಗೇಣು. ಅಷ್ಟಿಲ್ಲದ ತುಂಡು ಎರಡು ಸುತ್ತಿನ ಪಟ್ಟೆಗೆ. ಎಲ್ಲ ಬಣ್ಣಗಳ ದಪ್ಪ ಒಂದೇ ಇರಲಿ. ದಾರ ತೆಳುವಾದರೆ ಎರಡೆಳೆ ಜೋಡಿಸಿ, ಅಳತೆಯನ್ನೂ ಇಮ್ಮಡಿ ಮಾಡಿ.

ಹೆಣೆಯುವ ಕ್ರಮ:

1. ದಾರದ ತುದಿಯನ್ನು ಲೂಮಿನ ಬದಿಯ ಗೂಟಕ್ಕೆ ಸಿಕ್ಕಿಸಿ. ಪ್ರತಿ ಗೂಟಕ್ಕೂ ಒಳಗಿನಿಂದ ಹೊರಗೆ ಪೂರ್ತಿ ಒಂದು ಸುತ್ತು ಹಾಕುತ್ತ, ಒಂದೇ ದಿಕ್ಕಿನಲ್ಲಿ ಸಾಗಿ. ಬಿಗಿಯಬೇಡಿ.

2. ಅದರ ಮೇಲೆ ಇನ್ನೊಂದು ಸುತ್ತು. ಈಗ ಪ್ರತಿ ಗೂಟದಲ್ಲಿ ಎರಡು ಕುಣಿಕೆ. ಕೊಂಡಿಯಿಂದ ಕೆಳಗಿನ ಕುಣಿಕೆಯನ್ನು ಮೇಲಿನದರ ಮೇಲೆ ದಾಟಿಸಿ ಒಳಗೆ ಬಿಡಿ. ಕೊನೆಯ ಗೂಟದಿಂದ ಆರಂಭಿಸಿದರೆ ದಾರ ಜಾರದು. ಇದು ಒಂದು ಸಾಲು.

3. ಎಂಟು ಸಾಲು ಆದಮೇಲೆ ಮೊದಲ ಸಾಲಿನ ಕುಣಿಕೆಗಳನ್ನು ಕೆಳಗಿನಿಂದ ಎತ್ತಿ ಅದೇ ಗೂಟಗಳಿಗೆ ಹಾಕಿ, ಕೆಳಗಿನದನ್ನು ದಾಟಿಸಿ. ಅಂಚು ಮಡಿಸಿ ದಪ್ಪವಾಗುತ್ತದೆ.

4. ಬಣ್ಣ ಬದಲಾವಣೆ ಯಾವಾಗಲೂ ಒಂದೇ ಗೂಟದಲ್ಲಿ ಆಗಲಿ. ಅದಕ್ಕೆ ಗುರುತು ಹಾಕಿಕೊಳ್ಳಿ. ಹಳೆಯ ತುದಿ, ಹೊಸ ತುದಿ ಎರಡನ್ನೂ ಒಳಗೆ ಬಿಟ್ಟು ಗಂಟು ಹಾಕಿ.

5. ಮಡಿಚಿದ ಅಂಚಿನಿಂದ ಸುಮಾರು 14 ಸೆಂಟಿಮೀಟರ್ ಆದಾಗ ಅರ್ಧ ಮೀಟರ್ ದಾರ ಬಿಟ್ಟು ಕತ್ತರಿಸಿ. ಸೂಜಿಗೆ ಪೋಣಿಸಿ ಎಲ್ಲ ಕುಣಿಕೆಗಳಲ್ಲೂ ಹಾಯಿಸಿ, ಗೂಟಗಳಿಂದ ಬಿಡಿಸಿ, ಎಳೆದು ನೆತ್ತಿ ಮುಚ್ಚಿ. ಇನ್ನೊಮ್ಮೆ ಹಾಯಿಸಿ ಒಳಗಡೆ ಗಂಟು ಹಾಕಿ.

ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ತಲೆಸುತ್ತು ಸುಮಾರು 34–35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಕುಲಾವಿ ಅದಕ್ಕಿಂತ ಮೂರು-ನಾಲ್ಕು ಸೆಂಟಿಮೀಟರ್ ಕಡಿಮೆಯೇ ಇರಲಿ.

ಮರೆಯಬಾರದ್ದು: ಒಳಗಿನ ತುದಿಗಳನ್ನೆಲ್ಲ ಸೂಜಿಯಿಂದ ಹೆಣಿಗೆಯೊಳಗೆ ಸೇರಿಸಿ; ಸಡಿಲ ದಾರ ಕೂಸಿನ ಬೆರಳಿಗೆ ಸುತ್ತಿಕೊಂಡೀತು. ಗುಂಡಿ, ಮಣಿ, ಕುಚ್ಚು ಬೇಡ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಒಗೆದು ಒಣಗಿಸಿಯೇ ತೊಡಿಸಿ. ಮನೆಯೊಳಗೆ ಮಗು ಬೆಚ್ಚಗಿದ್ದು ಮಲಗಿದಾಗ ಕುಲಾವಿ ತೆಗೆದುಬಿಡಿ. ಅತಿಯಾದ ಬಿಸಿಯೂ ಒಳ್ಳೆಯದಲ್ಲ, ಮುಖದ ಮೇಲೆ ಜಾರುವ ಭಯವೂ ಇದೆ. ದಿನ ತುಂಬದ, ತೂಕ ಕಡಿಮೆಯ ಕೂಸಿಗೆ ವೈದ್ಯರು ಹೇಳಿದಂತೆ ನಡೆಯಿರಿ. ಮಸಿನಗುಡಿ, ತಾಳವಾಡಿಯಂಥ ಬಿಸಿಲಿನ ಕಡೆಯವರಿಗೆ ಹತ್ತಿ ದಾರವೇ ಸರಿ.

ಮೊಮ್ಮಗಳ ತಲೆಗೆ ಸರಿಯಾಗಿ ಕೂತದ್ದು ನನ್ನ ಮೂರನೆಯ ಕುಲಾವಿ. ನಾಲ್ಕನೆಯದನ್ನು ಲೂಮಿನ ಮೇಲೆ ನಮ್ಮ ಮನೆಯವರೇ ಹೆಣೆದರು, ದಿನಕ್ಕೆ ನಾಲ್ಕೇ ಸಾಲು. ಎರಡು ವರ್ಷದ ಮೇಲೆ ಅವರ ಕೈಯಲ್ಲಿ ಮತ್ತೆ ದಾರ ಕಂಡೆ.

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿರುವ ತುಂಡು ಉಲನ್ ತನ್ನಿ. ಲೂಮ್ ನಾನು ತರುತ್ತೇನೆ. ಕೂಡಿ ಹೆಣೆಯೋಣ. ಹತ್ತಿರದ ಹೆರಿಗೆ ಆಸ್ಪತ್ರೆಯವರನ್ನು ಮೊದಲೇ ಕೇಳಿ, ಅವರು ಬೇಕೆಂದ ಅಳತೆಯಲ್ಲಿ ಕೊಡೋಣ.

ಇಂತು,
ಕಾರ್ಯದರ್ಶಿ