ಎರಡು ಫೋಟೋ ನೋಡಿ ‘ಕಡಲು ಬೀಚ್ ನುಂಗಿತು’ ಎನ್ನಬಹುದೇ?

ಮಳೆಗಾಲ ಬಂದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಕುಳಿತವರ ಮೊಬೈಲಿಗೂ ಇಂಥ ಫಾರ್ವರ್ಡ್ ಬರುತ್ತದೆ: ಆಕಾಶದಿಂದ ತೆಗೆದ ಎರಡು ಫೋಟೋ, ಮೇಲೆ ‘ಅಂದು–ಇಂದು’, ಕೆಳಗೆ ‘ಉಳ್ಳಾಲದ ಬೀಚ್ ಮಾಯ!’. ನಂಬಬಹುದೇ? ಫೋಟೋ ಎರಡೂ ಅಸಲಿಯಾಗಿದ್ದರೂ ತೀರ್ಮಾನ ತಪ್ಪಿರಬಹುದು.

ಎಲ್ಲಿ ಎಡವುತ್ತೇವೆ?

ಮೊದಲನೆಯದು ಉಬ್ಬರ–ಇಳಿತ. ಮಂಗಳೂರಿನ ಕಡೆ ಇವೆರಡರ ನಡುವಿನ ವ್ಯತ್ಯಾಸ ಒಂದು ಮೀಟರ್ ದಾಟುವ ದಿನಗಳಿವೆ. ಪ್ರತಿ 20 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಬೀಚಿನಲ್ಲಿ ನೀರು ಒಂದು ಮೀಟರ್ ಏರಿದರೆ ಅದರ ಅಂಚು 20 ಮೀಟರ್ ಒಳಗೆ ಬರುತ್ತದೆ. ಅಂದರೆ ಒಂದೇ ದಿನದ ಎರಡು ಫೋಟೋ ಕೂಡ ಬೇರೆ ಬೇರೆ ಕಾಣಬಹುದು.

ಎರಡನೆಯದು ಋತು. ಮುಂಗಾರಿನ ಅಲೆಗಳು ಮರಳನ್ನು ಕಡಲಿಗೆ ಎಳೆದೊಯ್ಯುತ್ತವೆ. ಮಳೆಗಾಲದ ನಂತರದ ಶಾಂತ ಅಲೆಗಳು ಅದರಲ್ಲಿ ಬಹುಪಾಲನ್ನು ಮರಳಿ ತರುತ್ತವೆ. ಫೆಬ್ರವರಿಯ ಫೋಟೋ ಪಕ್ಕ ಜುಲೈ ಫೋಟೋ ಇಟ್ಟರೆ ಯಾವ ಬೀಚಾದರೂ ‘ಮಾಯ’ವೇ!

ವಿಜ್ಞಾನಿಗಳು ಅಳೆಯುವುದು ಹೇಗೆ?

ವಿಮಾನ, ಡ್ರೋನ್ ಅಥವಾ ಉಪಗ್ರಹದಿಂದ ಒಂದೇ ಋತುವಿನಲ್ಲಿ ತೆಗೆದ ಹಲವು ವರ್ಷಗಳ ಚಿತ್ರಗಳನ್ನು ಆರಿಸುತ್ತಾರೆ. ರಸ್ತೆ ಕೂಡುವ ಜಾಗ, ಹಳೆಯ ಕಟ್ಟಡದಂಥ ಕದಲದ ಗುರುತು ಹಿಡಿದು ಒಂದರ ಮೇಲೊಂದು ಹೊಂದಿಸುತ್ತಾರೆ. ನೀರಿನ ಅಂಚಿನ ಬದಲು, ಉಬ್ಬರ ತಲುಪಿದ ಒದ್ದೆ ಮರಳಿನ ಗೆರೆ ಅಥವಾ ಗಿಡಗಂಟಿ ಶುರುವಾಗುವ ಗೆರೆಯನ್ನು ಎಳೆಯುತ್ತಾರೆ. ಆ ಗೆರೆ ವರ್ಷಕ್ಕೆ ಎಷ್ಟು ಸರಿದಿದೆ ಎಂಬುದೇ ಲೆಕ್ಕ.

ಹಾಗಾದರೆ ಕಡಲ್ಕೊರೆತ ಸುಳ್ಳೇ?

ಖಂಡಿತ ಅಲ್ಲ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಚಿತ್ರಗಳನ್ನು ಹೀಗೆಯೇ ಅಳೆದಾಗ, ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿರುವುದು ಕಂಡಿತು. ಸುಮಾರು ಶೇ. 27ರಷ್ಟು ಕಡೆ ದಡ ಬೆಳೆದಿತ್ತು ಕೂಡ. ನೇತ್ರಾವತಿ–ಗುರುಪುರ ನದಿಗಳು ಕಡಲು ಸೇರುವಲ್ಲಿಯೂ ಇದೇ ಕಥೆ: ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ದಡ ಕೊರೆದು ಮನೆಗಳೇ ಹೋಗಿವೆ, ಉತ್ತರದ ಬೆಂಗ್ರೆ ಕಡೆ ಮರಳು ಕೂಡಿದೆ. ತಡೆಗೋಡೆ ಎಲ್ಲಿ ಬೇಕು, ಯಾರ ಮನೆ ಅಪಾಯದಲ್ಲಿದೆ ಎಂದು ತಿಳಿಯಲು ಇಂಥ ಅಳತೆಯೇ ಆಧಾರ. ತಪ್ಪು ಫೋಟೋ ಹರಡಿ ಬಯಲಾದರೆ, ನಿಜವಾಗಿ ಮನೆ ಕಳೆದುಕೊಂಡವರ ಮಾತನ್ನೂ ಜನ ನಂಬುವುದಿಲ್ಲ.

ನೀವೇ ಪರೀಕ್ಷಿಸಿ

ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ನಮ್ಮ ಕುಂದುವಾಡ ಕೆರೆಯನ್ನೇ ನೋಡಿ. ಭದ್ರಾ ನಾಲೆಯ ನೀರು ತುಂಬಿದಾಗ ನೀರಿನ ಅಂಚು ಒಂದು ಕಡೆ, ನೀರು ಇಳಿದಾಗ ಇನ್ನೊಂದು ಕಡೆ. ಏರಿ ಮಾತ್ರ ಇದ್ದಲ್ಲೇ ಇರುತ್ತದೆ.

ಮುಂದಿನ ಸಲ ‘ಅಂದು–ಇಂದು’ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಯಾವ ತಿಂಗಳು? ಉಬ್ಬರವೋ ಇಳಿತವೋ? ಎರಡರಲ್ಲೂ ಕದಲದ ಗುರುತು ಇದೆಯೇ? ನಡುವಿನ ವರ್ಷಗಳ ಚಿತ್ರಗಳೆಲ್ಲಿ? ಉತ್ತರ ಇಲ್ಲದಿದ್ದರೆ ಆ ಫೋಟೋ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.