ಚಿಕ್ಕೋಡಿಯ ಸದಸ್ಯರು ನಡೆಸಿದ ಐವತ್ತು ಬೈಠಕುಗಳು

ನಿಪ್ಪಾಣಿಯ ತಂಬಾಕಿನ ವಖಾರಿಗಳಿಗೂ ಸ್ವೀಡನ್ ದೇಶದ ತೋಪುಗಳಿಗೂ ಏನು ನಂಟು? ಮೇಲ್ನೋಟಕ್ಕೆ ಏನೂ ಇಲ್ಲ. ಆದರೂ 1987ರಲ್ಲಿ ಆ ತೋಪುಗಳ ವಿಚಾರಣೆಯ ಹೊಣೆ ಬಿದ್ದುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮತದಾರರು ಲೋಕಸಭೆಗೆ ಆರಿಸಿ ಕಳುಹಿಸಿದ್ದ ಶ್ರೀ ಬಿ. ಶಂಕರಾನಂದರ ಹೆಗಲಿಗೆ.

1986ರ ಮಾರ್ಚಿನಲ್ಲಿ ಭಾರತ ಸರಕಾರವು ಬೊಫೋರ್ಸ್ ಕಂಪನಿಯಿಂದ 410 ತೋಪುಗಳನ್ನು ಕೊಳ್ಳಲು ಕರಾರು ಮಾಡಿಕೊಂಡಿತು. ಮರುವರ್ಷ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ, ಈ ವ್ಯವಹಾರದಲ್ಲಿ ಲಂಚ ಸಂದಿದೆಯೆಂದು ಬಿತ್ತರಿಸಿತು. ದೇಶವೆಲ್ಲ ಗುಲ್ಲೆದ್ದಿತು. ಆಗಸ್ಟಿನಲ್ಲಿ ಲೋಕಸಭೆಯ 20, ರಾಜ್ಯಸಭೆಯ 10 ಸದಸ್ಯರ ಜಂಟಿ ಸಮಿತಿಯೊಂದು ರಚನೆಯಾಯಿತು.

ಇಂಥ ಸಮಿತಿ ತನಗೆ ಬೇಕಾದ ವಿಷಯವನ್ನು ತಾನೇ ಆರಿಸಿಕೊಳ್ಳುವಂತಿಲ್ಲ. ಸದನದ ಗೊತ್ತುವಳಿಯೇ ಅದರ ಎಲ್ಲೆ. ಬೈಠಕಿನ ದಿನವನ್ನೂ ಹೊತ್ತನ್ನೂ ಗೊತ್ತುಮಾಡುವವರು ಅಧ್ಯಕ್ಷರು. ಮೂರರಲ್ಲೊಂದು ಪಾಲು ಸದಸ್ಯರು ಬಂದರೆ ಕೋರಂ ಆಯಿತು. ಇಲಾಖೆಗಳಿಂದ ಲಿಖಿತ ಉತ್ತರಗಳನ್ನು ತರಿಸಿಕೊಂಡು, ಸಾಕ್ಷಿಗಳನ್ನು ಕರೆಯಿಸಿ, ಮುಚ್ಚಿದ ಬಾಗಿಲ ಹಿಂದೆ ಹೇಳಿಕೆ ಪಡೆಯುವುದು ಪದ್ಧತಿ. ಯಾವ ಕಡತ ಮೊದಲು ಬಿಚ್ಚಬೇಕು, ಯಾವ ಸಾಕ್ಷಿ ಯಾವಾಗ ಬರಬೇಕು ಎಂಬ ಈ ಸಣ್ಣ ಸಂಗತಿಗಳಲ್ಲಿಯೇ ಸಮಿತಿಯ ಹಣೆಬರಹ ಅಡಗಿರುತ್ತದೆ.

ಇಲ್ಲಿ ಗೊತ್ತುವಳಿಯು ಮೊದಲು ಕೇಳಿದ್ದು, ಖರೀದಿಯ ನಿಯಮಗಳು ಪಾಲನೆಯಾದವೇ ಎಂದು. ಹಣ ಯಾರ ಕೈಸೇರಿತು ಎಂಬುದು ಅನಂತರದ ಪ್ರಶ್ನೆ. ಜನರಿಗೆ ಬೇಕಾಗಿದ್ದುದಾದರೋ ಈ ಎರಡನೆಯದು! ಸೆಪ್ಟೆಂಬರಿನಲ್ಲಿ ಬೊಫೋರ್ಸಿನ ಅಧಿಕಾರಿಗಳು ದೆಹಲಿಗೆ ಬಂದು ಹೇಳಿಕೆ ಕೊಟ್ಟರು. ಹಣ ಪಡೆದ ಕಂಪನಿಗಳ ಹಿಂದಿದ್ದ ವ್ಯಕ್ತಿಗಳ ಹೆಸರನ್ನು ಮಾತ್ರ ವ್ಯಾಪಾರದ ಗುಟ್ಟೆಂದು ಬಿಟ್ಟುಕೊಡಲಿಲ್ಲ.

ಪ್ರಮುಖ ವಿರೋಧ ಪಕ್ಷಗಳು ಸಮಿತಿಯೊಳಕ್ಕೆ ಕಾಲಿಡಲೇ ಇಲ್ಲ. ಆಳುವ ಪಕ್ಷದವರೇ ತುಂಬಿದ ಸಮಿತಿಯಿಂದ ಸತ್ಯ ಹೊರಬಾರದೆಂಬುದು ಅವುಗಳ ವಾದ. ಬೈಠಕುಗಳು ಇದರಿಂದ ಸುಗಮವಾಗಿ ಸಾಗಿದವೇನೋ ನಿಜ. ಎದುರು ಪ್ರಶ್ನಿಸುವವರು ವಿರಳವಾದಲ್ಲಿ ಉತ್ತರಗಳಿಗೆ ತೂಕವಾದರೂ ಎಲ್ಲಿಂದ ಬಂದೀತು? ಐವತ್ತು ಬೈಠಕುಗಳ ಬಳಿಕ 1988ರ ಏಪ್ರಿಲ್ 26ರ ವರದಿಯು, ಮಧ್ಯವರ್ತಿಗಳಿದ್ದರೆಂಬುದಕ್ಕೆ ಆಧಾರವಿಲ್ಲ, ಸಂದಾಯವಾದುದು ಹಳೆಯ ಒಪ್ಪಂದಗಳನ್ನು ಮುಗಿಸಿಕೊಂಡ ವೆಚ್ಚ ಎಂದಿತು. ಅಣ್ಣಾ ಡಿ.ಎಂ.ಕೆ.ಯ ಆಲಡಿ ಅರುಣಾ ಭಿನ್ನಮತದ ಟಿಪ್ಪಣಿ ಬರೆದರು. ವಿರೋಧ ಪಕ್ಷಗಳು ವರದಿಯನ್ನು ತಿರಸ್ಕರಿಸಿದವು. ಅದೇ ಜೂನಿನಲ್ಲಿ ಶಂಕರಾನಂದರು ಕೇಂದ್ರದ ಕಾನೂನು ಮಂತ್ರಿಗಳಾದರು.

1989ರ ಚುನಾವಣೆಯಲ್ಲಿ ಈ ತೋಪಿನ ಸದ್ದಿಗೆ ದೆಹಲಿಯ ಸರಕಾರವೇ ಉರುಳಿತು. ಚಿಕ್ಕೋಡಿಯವರು ಮಾತ್ರ ತಮ್ಮ ಸದಸ್ಯರನ್ನು ಮತ್ತೆ ಕಳುಹಿಸಿದರು. 1967ರಿಂದ 1991ರವರೆಗೆ ಅವರು ಗೆದ್ದುದು ಏಳು ಸಲ. ಕಬ್ಬು, ತಂಬಾಕುಗಳ ದರದ ಮುಂದೆ ತೋಪಿನ ಮಾತು ಈ ಭಾಗದಲ್ಲಿ ಅಷ್ಟಾಗಿ ನಾಟದಿದ್ದರೆ ಆಶ್ಚರ್ಯವಿಲ್ಲ.

1992ರಲ್ಲಿ ಷೇರುಪೇಟೆಯ ಹಗರಣಕ್ಕಾಗಿ ರಾಮ ನಿವಾಸ ಮಿರ್ಧಾ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಜಂಟಿ ಸಮಿತಿ ಕುಳಿತಿತು. ಈ ಸಲ ವಿರೋಧ ಪಕ್ಷದವರೂ ಒಳಗಿದ್ದರು. ಅದರ ವರದಿಯು ತೈಲ ಖಾತೆಯನ್ನು ವಹಿಸಿದ್ದ ಶಂಕರಾನಂದರ ಮೇಲೆಯೇ ಬೆರಳು ತೋರಿತು. 1994ರ ಡಿಸೆಂಬರಿನಲ್ಲಿ ಅವರು ಮಂತ್ರಿಪದವಿಯನ್ನು ಬಿಟ್ಟರು. 1996ರಲ್ಲಿ ಚಿಕ್ಕೋಡಿಯ ಮತದಾರರು ಜನತಾ ದಳದ ಶ್ರೀಮತಿ ರತ್ನಮಾಲಾ ಸವಣೂರರನ್ನು ಆರಿಸಿದರು.